ನಾನು ಮತ್ತೆ ಚುಚ್ಚಿದ ಮುಳ್ಳುಗಳು

ಲಿಲ್ಲಿ, ಆ ಮಣ್ಣಿನ ಕಿರೀಟಕ್ಕೆ ಮುಳ್ಳುಗಳನ್ನು ಮತ್ತೆ ಚುಚ್ಚಿದವಳು ನಾನು. ನನ್ನ ಮಗಳು ಆಶಾ ಅಲ್ಲ. ಇಪ್ಪತ್ತೆರಡು ವರ್ಷಗಳಿಂದ ನೀನು ನಂಬಿಕೊಂಡು ಬಂದದ್ದು ನನ್ನ ಸುಳ್ಳನ್ನು — ಅದನ್ನು ನಾನು ಹೇಳಿದ್ದೂ ಶುಭ ಶುಕ್ರವಾರದಂದೇ, ಶಿಲುಬೆಯ ಮುಂದೆ ಕೂತು.

ಹೊನ್ನಾಳಿಯ ಆ ಮನೆಗೆ ಹಿರಿಸೊಸೆಯಾಗಿ ಬಂದವಳು ನಾನು; ಮೈದುನನ ಕೈಹಿಡಿದು ನೀನು ಬಂದದ್ದು ಎರಡು ವರ್ಷದ ಮೇಲೆ. ನಾನು ಜಗಳೂರು ಕಡೆಯ ಹಳ್ಳಿಯವಳು, ಇಡೀ ಊರಿಗೆ ನಮ್ಮದೊಂದೇ ಕ್ರೈಸ್ತ ಮನೆ. ಈಸ್ಟರ್‌ಗೆ ಮುಂಚಿನ ನಲವತ್ತು ದಿನದ ತಪಸ್ಸು ಕಾಲ ಎಂದರೆ ನಮಗೆ ಶುಕ್ರವಾರ ಮಾಂಸ ಬಿಡುವುದು, ಅಷ್ಟೆ. ನೀನೋ ಚನ್ನಗಿರಿಯ ಉಪದೇಶಿಗಳ ಮಗಳು. ಬೈಬಲಿನ ಕಥೆಗಳೆಲ್ಲ ನಾಲಗೆಯ ತುದಿಯಲ್ಲಿ, ಅದರ ಮೇಲೆ ಹಾಡುವ ಕೊರಳು ಬೇರೆ! ಹೊಟ್ಟೆಕಿಚ್ಚಿಗೆ ಇನ್ನೇನು ಬೇಕು?

ಆ ವರ್ಷ ತಪಸ್ಸು ಕಾಲ ಶುರುವಾಗುವ ಬೂದಿ ಬುಧವಾರದ ಸಂಜೆ ನೀನು ಹೊಳೆದಂಡೆಯ ಜೇಡಿಮಣ್ಣು ಕಲಸಿ, ಬಳೆಯ ಹಾಗೆ ದುಂಡಗೆ ಮಾಡಿ ತಟ್ಟೆಯಲ್ಲಿಟ್ಟೆ. ಏಳು ವರ್ಷದ ನನ್ನ ಆಶಾ, ಐದು ವರ್ಷದ ನಿನ್ನ ಸ್ಟೆಲ್ಲಾ ಸೇರಿ ನಲವತ್ತು ಜಾಲಿಮುಳ್ಳು ಎಣಿಸಿ ಸುತ್ತಲೂ ಚುಚ್ಚಿದರು. ಭಾನುವಾರ ಬಿಟ್ಟು, ಸಂಜೆಯ ಪ್ರಾರ್ಥನೆ ಮುಗಿದ ಮೇಲೆ ದಿನಕ್ಕೊಬ್ಬರ ಸರದಿ — ಮಾಡಿದ ಒಳ್ಳೆಯ ಕೆಲಸವೊಂದನ್ನು ಹೇಳಿ ಒಂದು ಮುಳ್ಳು ಕಿತ್ತು ಪಕ್ಕದ ಲೋಟಕ್ಕೆ ಹಾಕಬೇಕು. ಈಸ್ಟರ್ ಹೊತ್ತಿಗೆ ಕಿರೀಟ ಬೋಳಾಗಬೇಕು, ಆಗ ಅದಕ್ಕೆ ಹೂವು ಮುಡಿಸುವುದು. ಚೆಂದದ ಪದ್ಧತಿ. ನನಗೂ ಚೆಂದವೆನಿಸಿತ್ತು, ಮೊದಲ ನಾಲ್ಕು ದಿನ.

ಆಮೇಲೆ ಆಶಾ ಶಾಲೆಯಿಂದ ಬಂದವಳೇ ಬ್ಯಾಗು ಎಸೆದು ನಿನ್ನ ಹತ್ತಿರ ಓಡತೊಡಗಿದಳು. "ಚಿಕ್ಕಮ್ಮ, ಇವತ್ತು ಬೆಳಿಗ್ಗೆ ನಾ ಅಜ್ಜಿ ಕಾಲು ಒತ್ತಿದೀನಿ!" ಅಜ್ಜಿಯ ಕಾಲು ಒತ್ತೆಂದು ಹೇಳಿಕೊಟ್ಟವಳು ನಾನು, ಸುದ್ದಿ ಮಾತ್ರ ನಿನಗೆ. ಒಂದು ದಿನ ತಲೆ ಬಾಚಲು ಕರೆದರೆ, "ಚಿಕ್ಕಮ್ಮನೇ ಬಾಚ್ಲಿ, ಬಾಚ್ತಾ ಕಥೆ ಹೇಳ್ತಾಳೆ" ಅಂದುಬಿಟ್ಟಳು. ಬಾಚಣಿಗೆ ಕೈಯಲ್ಲೇ ಉಳಿಯಿತು. ಮೈಯೆಲ್ಲ ಉರಿದುಹೋಯಿತು, ಲಿಲ್ಲಿ. ಹೆತ್ತವಳು ನಾನು, ಜ್ವರ ಬಂದರೆ ಎದ್ದು ಕೂರುವವಳು ನಾನು, ಮಗಳ ಒಳ್ಳೆಯತನಕ್ಕೆಲ್ಲ ಒಡತಿ ನೀನು — ಇದ್ಯಾವ ನ್ಯಾಯ ಎಂದು...

ಮರುದಿನ ಮಧ್ಯಾಹ್ನ ನೀನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ನಾನು ಲೋಟದಿಂದ ಒಂದು ಮುಳ್ಳು ತೆಗೆದು ಹಳೆಯ ತೂತಿಗೇ ಇಟ್ಟೆ. ಒಣಗಿದ ಮಣ್ಣು, ಸಲೀಸಾಗಿ ಕೂತಿತು. ಆಮೇಲೆ ವಾರಕ್ಕೆ ಎರಡರಂತೆ ನಡೆಯಿತು. ನಿನ್ನ ಕಿರೀಟ ಬೋಳಾಗಬಾರದು, ಮಕ್ಕಳ ಮುಂದೆ ನಿನ್ನ ಜಾಣತನ ಸಪ್ಪಗಾಗಬೇಕು — ಇಷ್ಟೇ ನನಗೆ ಬೇಕಿದ್ದದ್ದು.

ಆದರೆ ಕಿರೀಟದ ಮುಳ್ಳು ಎಣಿಸುತ್ತಿದ್ದವಳು ನೀನಲ್ಲ, ಆಶಾ. ಒಂದು ಸಂಜೆ ಅಳುತ್ತಾ ನನ್ನ ಬಳಿ ಬಂದಳು. "ಅಮ್ಮ, ನಾ ಮಾಡಿದ್ದು ಯೇಸುಸ್ವಾಮಿಗೆ ಸಾಕಾಗಿಲ್ವೇನೋ. ಮುಳ್ಳು ಕಮ್ಮಿನೇ ಆಗ್ತಿಲ್ಲ." ನನಗೆ ಖುಷಿಯಾಯಿತು. ಹೌದು, ಖುಷಿ. ಅಳುವುದಕ್ಕಾದರೂ ನನ್ನ ಮಡಿಲಿಗೆ ಬಂದಳಲ್ಲ ಎಂದು! ಬೆನ್ನು ಸವರಿದೆ, ನಿಜ ಹೇಳಲಿಲ್ಲ. ಮರುದಿನದಿಂದ ಅವಳು ನಾನು ಡಬ್ಬಿಯಲ್ಲಿ ಹಾಕಿಕೊಟ್ಟ ಬೆಲ್ಲದ ಉಂಡೆಯನ್ನೂ ಪಕ್ಕದ ಹುಡುಗಿಗೆ ಕೊಟ್ಟು ಬರತೊಡಗಿದಳು. ಅದನ್ನೂ ನೋಡಿಕೊಂಡು ಸುಮ್ಮನಿದ್ದೆ.

ಶುಭ ಶುಕ್ರವಾರ ಒಂದೋ ಎರಡೋ ಮುಳ್ಳು ಉಳಿಯಬೇಕಿತ್ತು, ಹನ್ನೊಂದು ಇದ್ದವು. ನೀನು ಗದರಲಿಲ್ಲ. "ಯಾರವ್ವಾ ತಿರುಗಿ ಚುಚ್ಚಿದ್ದು? ಹೇಳ್ರಿ, ನಾನೇನ್ ಬಯ್ಯಾಕೆ ಹೋಗಲ್ಲ" ಅಂದೆ. ಸ್ಟೆಲ್ಲಾ ಇಲ್ಲವೆಂದು ತಲೆಯಾಡಿಸಿದಳು. ಆಗ ನನ್ನ ಬಾಯಿಂದ ಬಂತು —

"ನಮ್ಮ ಆಶಾಂದೇ ಕೆಲ್ಸ ಇರ್ಬೇಕು. ಅವಳ ಕೈ ಸುಮ್ನಿರಾಕಿಲ್ಲ."

ಇಲ್ಲವೆಂದರೂ ನೀನು ಬಯ್ಯುತ್ತೀಯ, ಅವಳು ನಿನ್ನ ಮೇಲೆ ಮುನಿಸಿಕೊಂಡು ನನ್ನ ಕಡೆಯವಳಾಗುತ್ತಾಳೆ — ಇದು ನನ್ನ ಎಣಿಕೆ. ಹೆತ್ತ ಮಗಳನ್ನೇ ಮುಂದೆ ನೂಕಿದೆ. ಆಶಾ ನನ್ನ ಮುಖವನ್ನೇ ನೋಡಿದಳು. ಆಮೇಲೆ ನಿನ್ನ ಕಡೆ ತಿರುಗಿ "ಹೂಂ ಚಿಕ್ಕಮ್ಮ, ನಾನೇ" ಅಂದಳು. ನೀನು ಬಯ್ಯುವ ಬದಲು ಅವಳನ್ನು ಎಳೆದು ತಬ್ಬಿಕೊಂಡೆ. ಅದನ್ನು ಕಂಡೂ ನನಗೆ ಉರಿಯಿತಲ್ಲ, ಎಂಥ ಹೆಂಗಸು ನಾನು!

ಈಸ್ಟರ್ ದಿನ ಸ್ಟೆಲ್ಲಾ ಒಬ್ಬಳೇ ಹೂ ಮುಡಿಸಿದಳು. "ಚುಚ್ಚಿದೋಳು ನಾನು, ನಾ ಮುಡ್ಸಬಾರ್ದು" ಎಂದು ಆಶಾ ದೂರ ಕೂತಳು. ನಾನು ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದೆ. ಎದ್ದು ಬಂದು ಒಂದು ಮಾತು ಹೇಳಲು ಹತ್ತು ಹೆಜ್ಜೆ ಸಾಕಿತ್ತು.

ಮನೆ ಭಾಗವಾಗಿ ನೀವು ಚನ್ನಗಿರಿಗೆ ಹೋದಿರಿ. ಆಶಾ ಮದುವೆಯಾಗಿ ನ್ಯಾಮತಿ ಸೇರಿದಳು. ಈ ತಪಸ್ಸು ಕಾಲಕ್ಕೆ ತನ್ನ ಐದು ವರ್ಷದ ಮಗಳಿಗಾಗಿ ಕಿರೀಟ ಮಾಡಿದ್ದಾಳೆ. ಮಣ್ಣಿನ ಹದ ಕೇಳಲು ಫೋನು ಮಾಡಿದ್ದು ನಿನಗೆ, ನನಗಲ್ಲ — ಅದಕ್ಕೂ ಎದೆ ಚುರುಕ್ಕೆಂದಿತು, ಸುಳ್ಳೇಕೆ ಹೇಳಲಿ. ಮೊನ್ನೆ ಅವಳ ಮನೆಗೆ ಹೋಗಿದ್ದೆ. ಅವಳು ಹಾಲು ತರಲು ಹೊರಟವಳು ಬಾಗಿಲಲ್ಲಿ ನಿಂತು ಮೆಲ್ಲಗೆ ಅಂದಳು:

"ಅಮ್ಮ, ಕಿರೀಟ ಮುಟ್ಬೇಡ. ಇವ್ಳು ದಿನಾ ಎಣಿಸ್ತಾಳೆ."

ದನಿಯಲ್ಲಿ ಕೋಪವಿರಲಿಲ್ಲ. "ನೋಡಿದ್ಯೇನೇ ಆವತ್ತು?" ಎಂದೆ. "ಶುಭ ಶುಕ್ರವಾರದ ಹಿಂದಿನ ದಿನ ಕಿಟಕಿಯಾಗೆ ನೋಡಿದ್ದೆ. ಎಲ್ರೂ ನಿನ್ನ ಬಯ್ತಾರಲ್ಲ ಅಂತ, ‘ನಾನೇ ಚುಚ್ಚಿದ್ದು’ ಅಂದೆ" ಎಂದು ಚಪ್ಪಲಿ ಮೆಟ್ಟಿ ಹೋದಳು.

ಏಳು ವರ್ಷದ ಮಗು, ಲಿಲ್ಲಿ. ಅವಳಿಗೆ ನನ್ನ ಮೇಲೆ ಪ್ರೀತಿಯಿಲ್ಲವೆಂದು ನಾನು ಬೆಂದುಹೋಗುತ್ತಿದ್ದಾಗ ಅವಳು ನನ್ನ ತಪ್ಪನ್ನು ಹೊತ್ತು ನಿಂತಿದ್ದಳು. ನಾನು ಹೊರಲು ಬಿಟ್ಟೆ.

ಹೊಟ್ಟೆಕಿಚ್ಚು ಆರಿದೆ ಎಂದು ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಈಸ್ಟರ್‌ಗೆ ಹಿಂದಿನ ಗರಿಗಳ ಭಾನುವಾರ ಎಲ್ಲರೂ ನಿನ್ನ ಮನೆಯಲ್ಲಿ ಸೇರುತ್ತೇವಲ್ಲ, ಪ್ರಾರ್ಥನೆಗೆ ಮುಂಚೆ ನನಗೆ ಎರಡು ನಿಮಿಷ ಕೊಡು. ಸ್ಟೆಲ್ಲಾಳ ಮುಂದೆ, ಮೊಮ್ಮಗಳ ಮುಂದೆ ಇದೆಲ್ಲವನ್ನೂ ಹೇಳುತ್ತೇನೆ. ಆಶಾ ನಡುವೆ ಬಂದು ನನ್ನ ಮಾತು ತಡೆಯಲು ನೋಡುತ್ತಾಳೆ, ನನಗೆ ಗೊತ್ತು. ಆಗ ಅವಳನ್ನು ನೀನು ಹಿಡಿದುಕೊ, ಲಿಲ್ಲಿ. ನಾನು ಹೇಳಿ ಮುಗಿಸುವವರೆಗೂ ಬಿಡಬೇಡ.