ಹೆಸರಿನ ಪಕ್ಕದ ನಕ್ಷತ್ರ

ತೀರಿಕೊಂಡ ನನ್ನ ಹೆಂಡತಿಯ ಬಗ್ಗೆ ಶಾಲೆಯ ಸಂಚಿಕೆಗೆ ಅರ್ಧ ಪುಟ ಬರೆದಿದ್ದೆ. ಅವಳೂ ಅದೇ ಶಾಲೆಯಲ್ಲಿ ಗಣಿತ ಕಲಿಸಿದವಳು. ಕುಮಟಾದಲ್ಲಿ ಕಂಪ್ಯೂಟರ್ ಟೈಪಿಂಗ್ ಅಂಗಡಿ ಇಟ್ಟಿದ್ದ ನನ್ನ ಹಳೆಯ ವಿದ್ಯಾರ್ಥಿನಿ ಶೋಭಾ ಅದನ್ನು ಟೈಪ್ ಮಾಡಿದಳು. ಪರದೆಯ ಮೇಲ್ತುದಿಯಲ್ಲಿ, ಫೈಲಿನ ಹೆಸರಿನ ಪಕ್ಕ, ಒಂದು ನಕ್ಷತ್ರ ಚಿಹ್ನೆ ಕಂಡಿತು.

“ನಕ್ಷತ್ರ ಹಾಕಿದ್ದೀಯಲ್ಲ, ಅಡಿಟಿಪ್ಪಣಿ ಎಲ್ಲಿ?”

“ಎಂತ ಟಿಪ್ಪಣಿ ಸರ್? ತಿದ್ದಿದ್ದು ಸೇವ್ ಆಗ್ಲಿಲ್ಲ ಅಂದ್ರೆ ಅದು ಬತ್ತದೆ. ಈಗ ಸೇವ್ ಮಾಡ್ದೆ, ಹೋಯ್ತು ನೋಡಿ.”

ಪರೀಕ್ಷಿಸಲೆಂದು ಒಂದು ಅಲ್ಪವಿರಾಮ ತೆಗೆಸಿದೆ. ನಕ್ಷತ್ರ ಬಂತು. ಅಲ್ಪವಿರಾಮವನ್ನು ಮತ್ತೆ ಅಲ್ಲೇ ಹಾಕಿಸಿದೆ. ನಕ್ಷತ್ರ ಹೋಗಲಿಲ್ಲ.

“ಮೊದಲಿನಂತೆಯೇ ಆಯಿತಲ್ಲ, ಇನ್ನೂ ಯಾಕೆ?”

“ಮುಟ್ಟಿದ್ದು ಮುಟ್ಟಿದ್ದೇ ಸರ್. ಸರಿ ಉತ್ತರನ ಹೊಡೆದ್ಹಾಕಿ ಅದನ್ನೇ ತಿರುಗಿ ಬರೆದ್ರೂ ನೀವು ಮಾರ್ಕು ಕಡೀತಿದ್ರಿ, ಹಾಂಗೆ!”

ಶೋಭಾ ಒಮ್ಮೆ ಓದಿ ನೋಡಿ ಮೆಲ್ಲಗೆ ಹೇಳಿದಳು: “ಸರ್, ‘ಅವಳ ಅಕ್ಷರ ದುಂಡಗಿದೆ’ ಅಂತ ಬರೆದೀರಿ. ‘ದುಂಡಗಿತ್ತು’ ಆಗ್ಬೇಕಲ್ಲ?”

ಉಳಿದ ವಾಕ್ಯಗಳೆಲ್ಲ ಭೂತಕಾಲದಲ್ಲೇ ಇದ್ದವು. “ಆತು, ತಿದ್ದು” ಎಂದೆ. ತಿದ್ದಿದಳು. ಫೈಲು ಮುಚ್ಚುವಾಗ, ಬದಲಾವಣೆ ಉಳಿಸಬೇಕೇ ಎಂದು ಯಂತ್ರ ಕೇಳಿತು.

“ಹೌದು ಒತ್ಲಾ ಸರ್?”

“ಬೇಡ.”

ಅವಳು ನನ್ನ ಮುಖ ನೋಡಿ ‘ಇಲ್ಲ’ ಒತ್ತಿದಳು.

ಸಂಚಿಕೆ ಬಂದಾಗ ಹೆಡ್‌ಮಾಸ್ತರರು ‘ದುಂಡಗಿದೆ’ ಎಂದೇ ಉಳಿದಿದ್ದ ಆ ವಾಕ್ಯದ ಕೆಳಗೆ ಗೆರೆ ಎಳೆದು, “ಕನ್ನಡ ಮಾಸ್ತರರೇ, ಕಾಲದೋಷ!” ಎಂದು ನಕ್ಕರು. ತಪ್ಪು ನನ್ನದೇ ಎಂದು ಒಪ್ಪಿಕೊಂಡೆ. ತಿದ್ದಿಕೊಳ್ಳುತ್ತೇನೆ ಎಂದು ಮಾತ್ರ ಹೇಳಲಿಲ್ಲ.