ಬೆಕ್ಕಿಗೆ ನಾನು ಕೊಟ್ಟ ಈರುಳ್ಳಿ ಲಂಚ

ಅರವತ್ತರ ದಶಕದ ಮೊದಲಲ್ಲಿ ನಾನು ಜಯನಗರದ ಒಂದು ಮನೆಯ ಹಿತ್ತಲ ರೂಮಿನಲ್ಲಿ ಬಾಡಿಗೆಗಿದ್ದೆ. ಆ ಮನೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಹೊಸಿಲು ದಾಟುವಂತಿರಲಿಲ್ಲ. ಮೊಟ್ಟೆಯ ಹೆಸರೆತ್ತಿದರೆ ಬಾಯಿಗೇ ಮೈಲಿಗೆ. ರೂಮು ಕೊಡುವಾಗ ಮನೆಯ ಯಜಮಾನಿ ಇದನ್ನೆಲ್ಲ ವಿವರವಾಗಿ ಹೇಳಿದ್ದರು. ನಾನು ಬಹಳ ಭಕ್ತಿಯಿಂದ ತಲೆಯಾಡಿಸಿದ್ದೆ.

ಸಾಯಂಕಾಲ ಅವರು ದೇವಸ್ಥಾನಕ್ಕೆ ಹೋದದ್ದೇ ತಡ, ನಾನು ಕಿಟಕಿ ಮುಚ್ಚಿ, ಸೀಮೆಎಣ್ಣೆ ಸ್ಟವ್ ಹಚ್ಚಿ, ಈರುಳ್ಳಿ ಹೆಚ್ಚಿ ಮೊಟ್ಟೆ ಹುರಿಯುತ್ತಿದ್ದೆ. ಬೀದಿಯ ಜನಕ್ಕೆ ತಿಳಿಯದ ವಾಸನೆ ಅವರ ಬೆಕ್ಕಿಗೆ ತಿಳಿಯಿತು. ಬಾಗಿಲಲ್ಲಿ ಕೂತು ಊರಿಗೆಲ್ಲ ಕೇಳುವಂತೆ ಕೂಗತೊಡಗಿತು. ಮಗಳ ಮದುವೆಯಾದ ಮೇಲೆ ಯಜಮಾನಿಯವರ ಮಡಿಲಲ್ಲಿ ಕೂರುತ್ತಿದ್ದುದು ಅದೊಂದೇ. ಅದರ ದೂರಿಗೆ ಆ ಮನೆಯಲ್ಲಿ ನನ್ನ ಮಾತಿಗಿಂತ ಬೆಲೆ ಹೆಚ್ಚು. ಹಾಗಾಗಿ ದಿನಾ ಒಂದು ಪಾಲು ಕೊಟ್ಟು ಬಾಯಿ ಮುಚ್ಚಿಸಿದೆ. ಅದೂ ಪ್ರಾಮಾಣಿಕವಾಗಿ ಬಾಯಿ ಮುಚ್ಚಿಕೊಂಡಿತು.

ತಿಂಗಳಾಗುವಷ್ಟರಲ್ಲಿ ಬೆಕ್ಕು ಮೊಸರನ್ನ ಮೂಸುವುದನ್ನೂ ಬಿಟ್ಟು ಮೂಲೆ ಹಿಡಿಯಿತು. ಯಜಮಾನಿಯವರು ಉಪ್ಪು ಮೆಣಸಿನಕಾಯಿ ನಿವಾಳಿಸಿ ಕಣ್ಣುದೃಷ್ಟಿ ತೆಗೆದರು. ತಟ್ಟೆ ಹಿಡಿದವನು ನಾನೇ. ಯಾರ ಕಣ್ಣು ಬಿದ್ದಿತ್ತೋ ಪಾಪ. ಅದಕ್ಕೂ ಜಗ್ಗದಾಗ ಬುಟ್ಟಿಯಲ್ಲಿ ಬೆಕ್ಕನ್ನಿಟ್ಟು, ಬುಟ್ಟಿ ಹೊರಲು ನನ್ನನ್ನಿಟ್ಟುಕೊಂಡು, ಜಟಕಾದಲ್ಲಿ ದನದ ಆಸ್ಪತ್ರೆಗೆ ಹೊರಟರು.

ಡಾಕ್ಟರು ಬೆಕ್ಕಿನ ತುಟಿ ಎತ್ತಿ ನೋಡಿದರು. ವಸಡು ಸುಣ್ಣದ ಹಾಗೆ ಬೆಳ್ಳಗಿತ್ತು.

"ರಕ್ತಾನೇ ಇಲ್ವಲ್ಲಮ್ಮ ಇದಕ್ಕೆ. ಈರುಳ್ಳಿ ಏನಾದ್ರೂ ತಿಂತಾ?"

"ನಮ್ಮನೇಲಾ? ಮೂರು ತಲೆಮಾರಿಂದ ಈರುಳ್ಳಿ ಕಂಡಿಲ್ಲ ಡಾಕ್ಟ್ರೇ."

"ಹಾಗಾದ್ರೆ ಹುಳದ ಔಷಧಿ ಹಾಕಿ ನೋಡೋಣ. ಇಷ್ಟು ಸೊರಗಿದೆ, ತಡ್ಕೊಳುತ್ತೋ ಇಲ್ವೋ ಹೇಳಕ್ಕಾಗಲ್ಲ."

ಮದುವೆಯಾಗದ ಗಂಡಸಿಗೆ ರೂಮು ಸಿಗುವುದು ಎಷ್ಟು ಕಷ್ಟವೆಂದು ನನಗೆ ಗೊತ್ತಿತ್ತು. ಬೆಕ್ಕು ನನ್ನತ್ತ ದೀನವಾಗಿ ನೋಡಿತೆಂದು ಬರೆದರೆ ಸುಳ್ಳಾಗುತ್ತದೆ. ಅದಕ್ಕೆ ಕಣ್ಣು ತೆರೆಯುವ ಶಕ್ತಿಯೇ ಇರಲಿಲ್ಲ.

"ತಿಂದಿದೆ ಸಾರ್. ದಿನಾ ನಾನೇ ಹಾಕ್ತಿದ್ದೆ. ಮೊಟ್ಟೆ ಜೊತೆ."

ಯಜಮಾನಿಯವರು ಸೆರಗಿನಿಂದ ಮೂಗು ಮುಚ್ಚಿಕೊಂಡು ಒಂದು ಹೆಜ್ಜೆ ಹಿಂದೆ ಸರಿದರು. ಡಾಕ್ಟರು ಮಾತ್ರ ಎಷ್ಟು ದಿನದಿಂದ ಎಂದಷ್ಟೇ ಕೇಳಿದರು. ಈರುಳ್ಳಿ, ಬೆಳ್ಳುಳ್ಳಿ ಹಸಿಯಾದರೂ ಬೆಂದರೂ ಬೆಕ್ಕಿಗೆ ವಿಷವೇ, ರಕ್ತವನ್ನೇ ಕೆಡಿಸುತ್ತದೆ, ಈಗಲೇ ನಿಲ್ಲಿಸಿದರೆ ಉಳಿಯಬಹುದು ಎಂದರು. ಮೊಟ್ಟೆಯಿಂದ ತೊಂದರೆಯಿಲ್ಲ, ಬೇಯಿಸಿ ದಿನಾ ಸ್ವಲ್ಪ ಕೊಡಿ, ಶಕ್ತಿ ಬರಲಿ ಎಂದೂ ಸೇರಿಸಿದರು.

ವಾಪಸು ಬರುವಾಗ ಜಟಕಾದಲ್ಲಿ ನಾನು ಮನಸ್ಸಿನಲ್ಲೇ ಹಾಸಿಗೆ ಸುತ್ತುತ್ತಿದ್ದೆ. ಗೇಟಿನ ಹತ್ತಿರ ಇಳಿದಾಗ ಅವರು ಬೇರೆ ಕಡೆ ನೋಡುತ್ತಾ ಹೇಳಿದರು:

"ಖಾಲಿ ಮಾಡೋದೇನೂ ಬೇಡಪ್ಪ. ಆ ದರಿದ್ರ ಮೊಟ್ಟೇನ ನಮ್ಮನೇಲಿ ಇನ್ಯಾರು ಬೇಯಿಸ್ತಾರೆ?"

ಹೀಗೆ ನನಗೆ ಬೆಕ್ಕಿನ ಅಡಿಗೆಭಟ್ಟನ ಕೆಲಸ ಸಿಕ್ಕಿತು. ಈರುಳ್ಳಿ ರೂಮಿನೊಳಗೂ ಬಂದ್. ಮೊಟ್ಟೆಯಲ್ಲಿ ಅರ್ಧ ಬೆಕ್ಕಿಗೆ, ಅರ್ಧ ನನಗೆ ಎಂದುಕೊಂಡಿದ್ದೆ. ಆದರೆ ಆ ಮಡಿ ಹೆಂಗಸು ದಿನಾ ಸಂಜೆ ಮೂಗು ಹಿಡಿದುಕೊಂಡು ನನ್ನ ಕಿಟಕಿಯ ಹೊರಗೆ ನಿಂತು, ಬೆಕ್ಕು ಕೊನೆಯ ತುಣುಕು ತಿಂದು ತಟ್ಟೆ ನೆಕ್ಕುವ ತನಕ ಅಲ್ಲಾಡುತ್ತಿರಲಿಲ್ಲ.