ಕಟ್ಟೆಯ ಕೆಳಗಿನ ಮನೆ

"ಕಟ್ಟೆ ಒಡೆದ್ರೆ ನೀರು ಹೋಗೋ ದಾರೀಲಿ ಮನೆ ಇದ್ಯಾ ತಾತ?" ಹೆಬ್ಬೂರಿನ ಹತ್ತಿರ ನನ್ನ ತೋಟದ ಮಣ್ಣಿನ ಕಟ್ಟೆ ಎಷ್ಟು ಅಪಾಯಕಾರಿ ಎಂದು ಪರೀಕ್ಷಿಸಲು ಬಂದ ಎಂಜಿನಿಯರ್ ಹುಡುಗಿ ಕೇಳಿದಳು. ಇದೆ ಎಂದರೆ ನೀರು ಇಳಿಸಬೇಕಾಗುತ್ತದೆಂದು ಹೆದರಿ, "ಇಲ್ಲ ಕಣವ್ವ, ಬರೀ ರಾಗಿ ಹೊಲ" ಎಂದುಬಿಟ್ಟೆ.

ಅಷ್ಟರಲ್ಲಿ ಕೆಳಗೆ ಹುಣಸೆಮರದ ಮರೆಯಲ್ಲಿರುವ ಮನೆಯಿಂದ ನೂರ್‌ಜಾನ್ ಚೊಂಬು ಹಿಡಿದು ಏರಿ ಹತ್ತಿ ಬಂದಳು. "ಏನಣ್ಣಾ, ಈ ಮಗೂನ ಬಿಸಿಲಲ್ಲಿ ನಿಲ್ಸಿದೀಯಲ್ಲ? ಇಬ್ರೂ ಮಜ್ಜಿಗೆ ಕುಡೀರಿ."

ಮಜ್ಜಿಗೆ ಕುಡಿಯದೆ ಚೊಂಬು ಕೆಳಗಿಟ್ಟೆ. "ಸುಳ್ಳು ಹೇಳ್ದೆ ಕಣವ್ವ. ಕೆಳಗೆ ನನ್ ತಂಗಿ ಮನೆ ಐತೆ, ಬರ್ಕೋ" ಎಂದೆ.

ಈಗ ಕಟ್ಟೆಯಲ್ಲಿ ಅರ್ಧ ನೀರನ್ನಷ್ಟೇ ನಿಲ್ಲಿಸುತ್ತೇನೆ. ಆದರೂ ಮಳೆ ಜೋರಾದಾಗ ಏರಿಯ ಮೇಲೆ ಹೋಗಿ ನಿಲ್ಲುತ್ತೇನೆ. ನನ್ನ ಸುಳ್ಳು ಗೊತ್ತಿದ್ದೂ ನೂರ್‌ಜಾನ್ ಕೆಳಗಿನಿಂದ ಕೂಗುತ್ತಾಳೆ: "ನೆನೀಬ್ಯಾಡ, ಮನೆಗ್ ಹೋಗಣ್ಣಾ!"